ಹೆಗಲಿನ ಕಾಣದ ಹೊರೆ



ಸಂಘದ ವಾರ್ಷಿಕೋತ್ಸವವೆಂದರೆ ನುಡಿ, ನಾಡು, ಶಾಲೆಗಳ ಮಾತು ಬರುವುದು ಸಹಜ. ಆ ಮಾತುಗಳನ್ನು ನಮಗಿಂತ ಸಮರ್ಥರು ಈ ವೇದಿಕೆಯಿಂದ ಆಡಿದ್ದಾರೆ. ನಾವು ಇಂದು ನಿವೇದಿಸಬಯಸುವುದು ಶರೀರಕ್ಕೆ ಸಂಬಂಧಿಸಿದ ಒಂದು ವಿಷಯವನ್ನು. ಕನ್ನಡ ಶಾಲೆಗಳಲ್ಲಿ ಕಲಿತ ನಮ್ಮ ಮಕ್ಕಳು ಅನೇಕರು ಈಗ ಬ್ಯಾಂಕುಗಳಲ್ಲಿ, ಕಚೇರಿಗಳಲ್ಲಿ ಕಂಪ್ಯೂಟರಿನ ಮುಂದೆ ದಿನವೆಲ್ಲ ಕುಳಿತಿರುತ್ತಾರೆ. ಸಂಜೆ ಮನೆಗೆ ಬಂದು ಕತ್ತು ಹೆಗಲು ನೋಯುತ್ತಿದೆ ಎಂದರೆ, ಗದ್ದೆ ತೋಟಗಳಲ್ಲಿ ದುಡಿದ ಹಿರಿಯರಿಗೆ ನಗು ಬರುತ್ತದೆ. ಫ್ಯಾನಿನ ಕೆಳಗೆ ಕುಳಿತವನಿಗೆ ಎಂತಹ ನೋವು? ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಮಾಪನಕ್ರಮವೊಂದು ಉಂಟು.

ಸ್ನಾಯುವು ಸಂಕುಚಿಸುವಾಗ ಅದರ ತಂತುಗಳಲ್ಲಿ ಅತ್ಯಲ್ಪ ಪ್ರಮಾಣದ ವಿದ್ಯುತ್ತು ಹುಟ್ಟುತ್ತದೆ. ಇದನ್ನು ಬರೆದಿಡುವ ವಿದ್ಯೆಗೆ ಎಲೆಕ್ಟ್ರೋಮಯೋಗ್ರಫಿ ಎಂದು ಹೆಸರು. ಕಚೇರಿಯ ಕೆಲಸಗಾರರಲ್ಲಿ ಸಾಮಾನ್ಯವಾಗಿ ಪರೀಕ್ಷಿಸುವುದು ಕತ್ತಿನಿಂದ ಹೆಗಲಿಗೆ ಹಬ್ಬಿದ ಟ್ರಪೀಜಿಯಸ್ ಎಂಬ ಸ್ನಾಯುವಿನ ಮೇಲ್ಭಾಗವನ್ನು. ಕತ್ತು ಬಾಗಿಸಿದಾಗ ಹಿಂದೆ ಉಬ್ಬಿ ಕಾಣುವ ಮೂಳೆಗೂ ಭುಜದ ತುದಿಯ ಎಲುಬಿಗೂ ನಡುವೆ ಗೆರೆ ಎಳೆದಂತೆ ಭಾವಿಸಿ, ಅದರ ಮಧ್ಯಭಾಗದ ಸಮೀಪದಲ್ಲಿ ಚರ್ಮವನ್ನು ಸ್ಪಿರಿಟಿನಿಂದ ಒರೆಸಿ, ಸುಮಾರು 2 ಸೆಂಟಿಮೀಟರು ಅಂತರದಲ್ಲಿ ಎರಡು ಚಿಕ್ಕ ಬಿಲ್ಲೆಗಳನ್ನು ಅಂಟಿಸುತ್ತಾರೆ. ಸೂಜಿ ಚುಚ್ಚುವುದಿಲ್ಲ, ನೋವಿಲ್ಲ. ಆದರೆ ಒಬ್ಬರ ಚರ್ಮದಡಿಯ ಕೊಬ್ಬು ಇನ್ನೊಬ್ಬರದಂತೆ ಇರುವುದಿಲ್ಲವಾದುದರಿಂದ, ಬಂದ ವೋಲ್ಟುಗಳನ್ನು ಹಾಗೆಯೇ ಹೋಲಿಸಲಾಗದು. ಅದಕ್ಕಾಗಿ ಮೊದಲು ಆ ವ್ಯಕ್ತಿಯಿಂದಲೇ ತನ್ನ ಪೂರ್ಣ ಬಲ ಹಾಕಿ ಹೆಗಲೆತ್ತಿಸಿ, ಆ ಅಳತೆಯನ್ನು ನೂರೆಂದು ಇಟ್ಟುಕೊಳ್ಳುತ್ತಾರೆ. ಕೆಲಸದ ಹೊತ್ತಿನ ಶ್ರಮವು ಅದರಲ್ಲಿ ಶೇಕಡ ಎಷ್ಟು ಎಂಬುದೇ ಲೆಕ್ಕ.

ಈ ಲೆಕ್ಕ ಮೊದಲ ನೋಟಕ್ಕೆ ಹಿರಿಯರ ಪಕ್ಷವನ್ನೇ ಹಿಡಿಯುತ್ತದೆ. ಬೆರಳಚ್ಚು ಮಾಡುವವರ ಹೆಗಲು ತನ್ನ ಶಕ್ತಿಯ ಕೇವಲ ಕೆಲವು ಪಾಲನ್ನಷ್ಟೆ ಬಳಸುತ್ತಿರುತ್ತದೆ! ಆದರೆ ಸ್ವೀಡನ್ನಿನ ಬೆಂಗ್ಟ್ ಯೊನ್‌ಸನ್ನರು 1982ರ ಲೇಖನದಲ್ಲಿ, ಒಂದು ಗಂಟೆಗೆ ಮೀರಿದ ಕೆಲಸದಲ್ಲಿ ಸ್ನಾಯುವಿನ ಎಡೆಬಿಡದ ಶ್ರಮವು ಶೇಕಡ 2ನ್ನು ದಾಟಬಾರದು, 5ನ್ನಂತೂ ಎಂದಿಗೂ ದಾಟಕೂಡದು ಎಂದು ವಿಧಿಸಿದರು. ಇಷ್ಟು ಹಗುರವಾದುದು ಹೇಗೆ ಭಾರವಾದೀತು? ತಲೆಹೊರೆಯವರು ನಡೆಯುತ್ತಿದ್ದ ಕಾಲದಲ್ಲಿ ದಾರಿಬದಿಯಲ್ಲಿ ಹೊರೆ ಇಳಿಸಲೆಂದು ಕಲ್ಲುಗಳನ್ನು ನಿಲ್ಲಿಸಿರುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಅವರ ಹೊರೆ ದೊಡ್ಡದು, ಆದರೆ ಇಳಿಸಲು ಎಡೆಯಿತ್ತು. ಗುಮಾಸ್ತರ ಹೊರೆ ಚಿಕ್ಕದು, ಅದಕ್ಕೆ ಕಲ್ಲಿಲ್ಲ.

ಸ್ವೀಡನ್ನಿನವರೇ ಆದ ಯೋರಾನ್ ಹೆಗ್ 1991ರಲ್ಲಿ ಇದಕ್ಕೊಂದು ಕಾರಣವನ್ನು ಊಹಿಸಿದರು. ಹಗುರ ಕೆಲಸಕ್ಕೆ ಸ್ನಾಯುವಿನ ಎಲ್ಲ ತಂತುಗಳೂ ಏಳುವುದಿಲ್ಲ. ಚಿಕ್ಕ ತಂತುಗುಂಪುಗಳು ಮೊದಲು ಏಳುತ್ತವೆ, ಕಡೆಯಲ್ಲಿ ಮಲಗುತ್ತವೆ. ಉಳಿದವು ಸುಮ್ಮನಿದ್ದರೂ ಇವು ದುಡಿಯುತ್ತಲೇ ಇರುತ್ತವೆ. ಪಾಶ್ಚಾತ್ಯರ ಕಥೆಯ ಸಿಂಡರೆಲ್ಲಾಳ ಹೆಸರನ್ನು ಅವರು ಈ ಊಹೆಗೆ ಇಟ್ಟರು. ನಮ್ಮ ಮನೆಗಳ ಸೊಸೆಯಂದಿರಿಗೆ ಅದನ್ನು ವಿವರಿಸಬೇಕಾದುದಿಲ್ಲ. ಇದು ಇನ್ನೂ ಊಹೆಯೇ. ಎಲ್ಲ ನೋವನ್ನೂ ಇದರಿಂದ ತಿಳಿಸಲಾಗದು. ಆದರೂ ನಾರ್ವೆಯ ವೇರ್ಸ್ಟೆಡ್ ಮತ್ತು ಸಂಗಡಿಗರು, ಪೊಟ್ಟಣ ಕಟ್ಟುವ ಹಗುರ ಕೆಲಸಕ್ಕೆ ಹೊಸದಾಗಿ ಸೇರಿದ ಹೆಂಗಸರನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಸಂಗತಿ ಗಮನಾರ್ಹ. ಶ್ರಮವು ಶೇಕಡ ಅರ್ಧಕ್ಕಿಂತ ಕೆಳಗಿಳಿದು ಒಂದು ಸೆಕೆಂಡಿನ ಐದನೆಯ ಒಂದು ಭಾಗವಾದರೂ ನಿಂತರೆ ಅದನ್ನು ಅವರು ವಿರಾಮವೆಂದು ಎಣಿಸಿದರು. ಮುಂದೆ ನೋವಿಗೆ ಗುರಿಯಾದವರಲ್ಲಿ ಇಂತಹ ವಿರಾಮಗಳು ಮೊದಲಿನಿಂದಲೂ ಕಡಮೆಯಾಗಿದ್ದವು. ಎವೆಯಿಕ್ಕುವಷ್ಟು ಹೊತ್ತಿನ ಬಿಡುವಿಗೂ ಇಷ್ಟು ಬೆಲೆಯೆ!

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಿದೆ. ಸ್ಟಾಕ್‌ಹೋಮಿನ ಉಲ್ಫ್ ಲುಂಡ್‌ಬೆರಿ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದಂತೆ, ಅವಸರದಲ್ಲಿ ಮನೋಗಣಿತವನ್ನು ಮಾಡಿಸಿದಾಗಲೂ ಟ್ರಪೀಜಿಯಸ್ ಸ್ನಾಯುವಿನ ವಿದ್ಯುತ್ತು ಏರುತ್ತದೆ. ಎತ್ತುವ ಹೊರೆಯೇ ಇಲ್ಲದಿದ್ದರೂ ಹೆಗಲು ಬಿಗಿಯುತ್ತದೆ ಎಂದಾಯಿತು.

ಮುಂಗೈಗಳಿಗೆ ಮೇಜಿನ ಮೇಲೆ ಆಸರೆ ದೊರೆತರೆ ಯಂತ್ರದ ಗೆರೆ ಇಳಿಯುವುದನ್ನು ಕಣ್ಣಾರೆ ಕಾಣಬಹುದು. ಅಷ್ಟನ್ನು ಊರ ಬಡಗಿಯೂ ಅರ್ಧ ದಿನದಲ್ಲಿ ಒದಗಿಸಿಯಾನು. ಮೇಲಧಿಕಾರಿಯ ಅವಸರವನ್ನು ಇಳಿಸುವುದು ಮಾತ್ರ ಬಡಗಿಯ ಕೈಯಲ್ಲಿಲ್ಲ.