ಕುಂಡದಲ್ಲಿ ಮಾವಿನಶುಂಠಿ

ಕೈತೋಟದ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುವ ಅಕ್ಕಂದಿರು ಇಲ್ಲಿದ್ದೀರಿ. ನಾನು ಒಂದೇ ಒಂದು ಗಡ್ಡೆಯ ವಿಷಯ ಹೇಳುತ್ತೇನೆ.

ಮಾವಿನಶುಂಠಿ ಹೆಸರಿಗೆ ಶುಂಠಿ, ಕುಲದಲ್ಲಿ ಅರಿಸಿನದ ತಂಗಿ. ಮುರಿದರೆ ಒಳಗೆ ತಿಳಿಹಳದಿ, ಮೂಸಿದರೆ ಮಾವಿನಕಾಯಿ. ಸಾಗರದ ನಮ್ಮ ಹಿತ್ತಿಲಲ್ಲಿ, ಬಚ್ಚಲ ನೀರು ಹೋಗುವ ಕಡೆ, ಅದರ ಪಾಡಿಗೆ ಅದು ಬೆಳೆಯುತ್ತಿತ್ತು. ಆ ಮನೆ ಮಾರುವಾಗ ಅಮ್ಮ ಒಂದು ಹಿಡಿ ಗಡ್ಡೆ ಕಾಗದದಲ್ಲಿ ಕಟ್ಟಿಕೊಟ್ಟಳು.

ಆಗ ನಾವು ಛತ್ರಪತಿ ಸಂಭಾಜಿನಗರದಲ್ಲಿದ್ದೆವು. ಊರಿಗೆ ಇನ್ನೂ ಔರಂಗಾಬಾದ್ ಎಂದೇ ಹೆಸರು. ಜೂನ್ ಮಳೆಗೆ ಮೂರು ಕುಂಡಗಳಲ್ಲಿ ನೆಟ್ಟೆ. ಎಲೆಗಳು ಸೊಂಪಾಗಿ ಬಂದವು. ಡಿಸೆಂಬರಿನಲ್ಲಿ ಹಳದಿಯಾಗಿ ಒಣಗತೊಡಗಿದಾಗ ಗಾಬರಿಬಿದ್ದು ದಿನಕ್ಕೆರಡು ಸಲ ನೀರು ಸುರಿದೆ. ಅಲ್ಲಿಯ ಕಪ್ಪುಮಣ್ಣು ಆ ನೀರನ್ನೆಲ್ಲ ಹಿಡಿದಿಟ್ಟುಕೊಂಡಿತು. ಅಗೆದರೆ ಗಡ್ಡೆ ಕೊಳೆತು ನಾರುತ್ತಿತ್ತು.

"ಎಲೆ ಒಣಗಿದ್ರೆ ಗಿಡ ಸತ್ತಿತು ಅಂತಲ್ಲ ಮಾರಾಯ್ತಿ, ಗಡ್ಡೆ ಬಲಿತು ಅಂತ. ಆಗ ನೀರು ನಿಲ್ಲಿಸ್ಬೇಕು" ಅಂದಳು ಅಮ್ಮ ಫೋನಿನಲ್ಲಿ. ಎಂ.ಟೆಕ್. ಓದಿದವಳಿಗೆ ಇಷ್ಟು ಗೊತ್ತಿರಲಿಲ್ಲ! ಹಿತ್ತಿಲು ಹೋಗಿತ್ತು, ಬೀಜವೂ ಹೋಯಿತಲ್ಲ ಎಂದು ಅತ್ತೆ. ಕುಂಡದ ಅಂಚಿನಲ್ಲಿ ಹೆಬ್ಬೆರಳಿನಷ್ಟು ಒಂದೇ ತುಂಡು ಗಟ್ಟಿಯಾಗಿ ಉಳಿದಿತ್ತು.

ನಾಸಿಕಕ್ಕೆ ಬರುವಾಗ ಅದನ್ನು ಒಣಮರಳಿನ ಡಬ್ಬಿಯಲ್ಲಿ ತಂದೆ. ಈ ಸಲ ಕೆಂಪುಮಣ್ಣು, ಮರಳು, ಎಲೆಗೊಬ್ಬರ ಬೆರೆಸಿದೆ. ಅಗಲಬಾಯಿಯ ಕುಂಡ, ತಳದಲ್ಲಿ ಧಾರಾಳ ತೂತು, ಅರೆನೆರಳು. ಮೊಳಕೆಯ ಕಣ್ಣು ಮೇಲಾಗಿಟ್ಟು ಎರಡು ಇಂಚು ಮಣ್ಣು ಮುಚ್ಚಿದೆ. ಜನವರಿಯಲ್ಲಿ ಎಲೆ ಒಣಗಿದಾಗ ಕೈಕಟ್ಟಿ ಕೂತೆ. ಅದೇ ಕಷ್ಟದ ಕೆಲಸ. ಎರಡು ವಾರ ಬಿಟ್ಟು ಗೋಣಿಚೀಲದ ಮೇಲೆ ಕುಂಡ ಬೋರಲು ಹಾಕಿದರೆ ಹತ್ತಿರ ಹತ್ತಿರ ಅರ್ಧ ಕಿಲೋ!

ಮೇಲ್ಮನೆಯ ಕಾಕು ನೋಡಿ, "ಅರೇ, ಹೀ ತರ್ ಆಂಬೇಹಳದ್!" ಅಂದರು. ಅವರಲ್ಲಿ ಇದನ್ನು ತೇಯ್ದು ಪೆಟ್ಟಾದ ಕಡೆ ಹಚ್ಚುತ್ತಾರೆ, ತಿನ್ನುವುದೆಂದರೆ ಅವರಿಗೆ ಆಶ್ಚರ್ಯ. ಸಿಪ್ಪೆ ಕೆರೆದು, ಕಾಯಿತುರಿ, ಜೀರಿಗೆ, ಹಸಿಮೆಣಸಿನ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಕೊಟ್ಟೆ. ಕುದಿಸಬೇಡಿ, ಪರಿಮಳ ಹೋಗುತ್ತದೆ. ಕಾಕು ಎರಡನೇ ಬಟ್ಟಲು ಕೇಳಿದರು. ಅಂದಹಾಗೆ, ಅಂಗಡಿಯಲ್ಲಿ ಆಂಬೇಹಳದ್ ಎಂದು ಕಾಡುಅರಿಸಿನವನ್ನೂ ಕೊಡುತ್ತಾರೆ; ಅದಕ್ಕೆ ಕರ್ಪೂರದ ವಾಸನೆ. ಮುರಿದು ಮೂಸಿಯೇ ಕೊಳ್ಳಿ.

ಅಮ್ಮ ಬಂದಾಗ ಒಂದು ಗಡ್ಡೆ ಮುರಿದು ಮೂಗಿಗೆ ಹಿಡಿದು ಸುಮ್ಮನೆ ಕೂತಳು. ಆಮೇಲೆ ಕೇಳಿದ್ದು, "ಬೀಜಕ್ಕೆ ಎಷ್ಟು ಇಟ್ಟಿದ್ದೀಯೇ?"

ಅರ್ಧ ಇಟ್ಟಿದ್ದೇನೆ. ಅದರಲ್ಲೇ ಸ್ವಲ್ಪ ಇವತ್ತು ತಂದಿದ್ದೇನೆ. ಹೋಗುವಾಗ ಒಂದೊಂದು ತುಂಡು ತೆಗೆದುಕೊಳ್ಳಿ, ಮೇ ಕೊನೆಯವರೆಗೆ ಒಣಮರಳಿನಲ್ಲಿಡಿ.