ಅಪರಿಚಿತರ ಪಂಕ್ತಿಯಲ್ಲಿ ಒಂದು ಹಬ್ಬ

ಪರಸ್ಥಳದಲ್ಲಿ ಹಬ್ಬದ ದಿನವೆಂಬುದು ಬಹಳ ಉದ್ದ. ಮನೆಯಲ್ಲಿದ್ದಾಗ ಅಡಿಗೆ, ಊಟ, ನೆಂಟರು ಎನ್ನುವಷ್ಟರಲ್ಲಿ ಮುಗಿದುಹೋಗುವ ದಿನ ಅಲ್ಲಿ ಸರಿಯುವುದೇ ಇಲ್ಲ. ನಿಮ್ಮ ಮಕ್ಕಳು ಯಾರಾದರೂ ಹೊರದೇಶದಲ್ಲಿದ್ದರೆ ಈ ಮಾತು ನಿಮಗೆ ಹೊಸದಾಗಿರಲಾರದು.

ಜವಳಿ ವಿದ್ಯೆ ಕಲಿಯಲೆಂದು ನಾನು ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋಗಿದ್ದ ವರ್ಷ, ಯುಗಾದಿಯಂದು ಕೋಣೆಯಲ್ಲಿ ಒಬ್ಬನೇ ಕುಳಿತು ಬೇವಿಲ್ಲದ ಬೆಲ್ಲ ತಿಂದೆ. ಎರಡು ವಾರ ಕಳೆದು ಹುಣ್ಣಿಮೆ ಬಂತು. ಕೆಳಗಿನ ಮನೆಯಲ್ಲಿದ್ದ ನನ್ನ ಮನೆಯೊಡತಿ ಯಹೂದಿ ವೃದ್ಧೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರಷ್ಯದ ಸಾಮ್ರಾಜ್ಯದಿಂದ ಆ ಊರಿಗೆ ವಲಸೆ ಬಂದ ಅನೇಕ ಮನೆತನಗಳಲ್ಲಿ ಅವರದೂ ಒಂದು. ಅವರು ಮೇಲೆ ಬಂದು, “ಈ ರಾತ್ರಿ ನಮ್ಮಲ್ಲಿ ಪೆಸಾಖ್ ಹಬ್ಬ, ಊಟಕ್ಕೆ ಬಾ” ಎಂದರು.

ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮ ಕಡೆಯ ರೂಢಿ. ವಾರದ ಹಿಂದೆ ಅದೇ ಬೀದಿಯ ಯಹೂದಿಯರ ಬೇಕರಿಯಿಂದ ತಂದಿಟ್ಟಿದ್ದ ಒಣಹಣ್ಣಿನ ಕೇಕನ್ನು ಹಿಡಿದು ಇಳಿದೆ. ಅವರದೇ ಅಂಗಡಿಯದು, ತಪ್ಪೇನು ಬಂದೀತು? ಬಾಗಿಲಲ್ಲೇ ಆ ಮುದುಕಿ ಎರಡು ಹೆಜ್ಜೆ ಹಿಂದೆ ಸರಿದರು!

ಸಂಗತಿ ಹೀಗೆ. ಯಹೂದಿಯರ ಪೂರ್ವಜರು ಈಜಿಪ್ಟಿನ ದಾಸ್ಯದಿಂದ ಹೊರಟಾಗ ಕಲಸಿದ ಹಿಟ್ಟು ಉಬ್ಬುವಷ್ಟು ವ್ಯವಧಾನವಿರಲಿಲ್ಲವಂತೆ. ಅದರ ನೆನಪಿಗೆ, ಇಸ್ರೇಲಿನ ಹೊರಗಿರುವವರು ಎಂಟು ದಿನ, ಉಬ್ಬಿದ ಯಾವುದನ್ನೂ ತಿನ್ನುವುದಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವುದೂ ಇಲ್ಲ. ನೀರು ಸೋಕಿದ 18 ನಿಮಿಷದೊಳಗೆ ಬೇಯಿಸಿದ ತೆಳುವಾದ ಮಾತ್ಸಾ ರೊಟ್ಟಿಯೇ ಗತಿ. ಪಾತ್ರೆಗಳೂ ಬೇರೆ. ಮಡಿಯ ಅಡಿಗೆಮನೆ ಕಂಡ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ನನಗೆ ನಾಚಿಕೆಯಾಯಿತು. ಆಕೆಯೋ ನಕ್ಕುಬಿಟ್ಟರು. “ಅದು ನಿನ್ನದು, ನನ್ನದಲ್ಲ. ನಿನ್ನ ಕೋಣೆಯಲ್ಲಿಟ್ಟು ಬೇಗ ಬಾ.”

ಮೇಜಿನ ಸುತ್ತ ಎಂಟು ಮಂದಿ. ಯಾರಿಗೆ ಯಾರೂ ನೆಂಟರಲ್ಲ. ಮುಂಬಯಿಯ ಬೆನೆ ಇಸ್ರೇಲ್ ಪಂಗಡದ ನರ್ಸೊಬ್ಬರಿದ್ದರು. ನನ್ನ ಹುಬ್ಬಳ್ಳಿಯ ಮರಾಠಿಗೆ ಅವರು ಕಣ್ಣರಳಿಸಿದರು. ಈ ಹಬ್ಬದಲ್ಲಿ ಅವರ ಮನೆಯಲ್ಲಿ ಅನ್ನ ಉಂಟು, ಮನೆಯೊಡತಿಯ ಸಂಪ್ರದಾಯದಲ್ಲಿ ಅನ್ನವೂ ಬೇಳೆಯೂ ನಿಷಿದ್ಧ. ಇದರ ಮೇಲೆ ಸಣ್ಣದೊಂದು ವಾದವೇ ನಡೆಯಿತು. ಒಂದೇ ಮತದವರಲ್ಲಿ ಊಟದ ಜಗಳವಿಲ್ಲದಿದ್ದರೆ ಅದು ಹಬ್ಬವೇ?

ಆ ರಾತ್ರಿಯ ಓದು ಹಸಿದವರನ್ನೆಲ್ಲ ಊಟಕ್ಕೆ ಕರೆಯುವುದರಿಂದ ಮೊದಲಾಗುತ್ತದೆ. ಆ ಕರೆ ಮಾತ್ರ ಹೀಬ್ರೂ ಭಾಷೆಯಲ್ಲಿಲ್ಲ. ಹಿಂದೆ ಜನಸಾಮಾನ್ಯರು ಆಡುತ್ತಿದ್ದ ಅರಾಮಿಕ್‌ನಲ್ಲಿದೆ. ಅನಂತರ ಮನೆಯ ಅತಿ ಕಿರಿಯ ಮಗು ಪ್ರಶ್ನೆ ಕೇಳಬೇಕು: ಇಂದೇಕೆ ಇಂಥ ರೊಟ್ಟಿ, ಏಕೆ ಕಹಿ, ಏಕೆ ಎರಡು ಸಲ ಅದ್ದುವುದು, ಏಕೆ ಒರಗಿ ಕೂರುವುದು. ಮನೆಯೊಡತಿಯ ಒಬ್ಬನೇ ಮಗ ದೂರದೇಶ ಸೇರಿ ಬಹಳ ವರ್ಷವಾಗಿತ್ತು. ಪುಸ್ತಕ ನನ್ನ ಕೈಗೆ ಬಂತು. ಇಪ್ಪತ್ನಾಲ್ಕರ ನಾನೇ ಅಲ್ಲಿ ಕಿರಿಯ! ಪಕ್ಕದ ಪುಟದ ಇಂಗ್ಲಿಷನ್ನು ತಡವರಿಸುತ್ತ ಓದಿದೆ. ಆಕೆ ಕನ್ನಡಕ ತೆಗೆದು, ನನ್ನೊಬ್ಬನನ್ನೇ ನೋಡುತ್ತ, ಉತ್ತರ ಹೇಳತೊಡಗಿದರು.

ಕಣ್ಣೀರಿನ ಗುರುತಿಗೆ ಉಪ್ಪುನೀರು. ದಾಸ್ಯದ ಕಹಿಗೆ ಘಾಟಿನ ಬೇರು. ಅದನ್ನು ಸೇಬು, ಬೀಜ, ದಾಲ್ಚಿನ್ನಿ ಸೇರಿಸಿ ಕುಟ್ಟಿದ ಸಿಹಿಯಲ್ಲಿ ಅದ್ದಿ ಕೊಟ್ಟರು. ಆ ಸಿಹಿ, ಇಟ್ಟಿಗೆಯ ಕೆಸರಿನ ನೆನಪಂತೆ. ನನಗೆ ಮಾತ್ರ ಎರಡು ವಾರ ತಡವಾಗಿ ಯುಗಾದಿ ಬಂತು. ಈಜಿಪ್ಟಿನವರ ಮೇಲೆ ಬಿದ್ದ ಹತ್ತು ಉತ್ಪಾತಗಳನ್ನು ಹೇಳುವಾಗ ಒಂದೊಂದಕ್ಕೂ ಬಟ್ಟಲಿನಿಂದ ಒಂದು ಹನಿ ದ್ರಾಕ್ಷಾರಸ ತೆಗೆದರು. ಶತ್ರುವಾದರೂ ನೊಂದನಲ್ಲ, ನಮ್ಮ ಬಟ್ಟಲು ತುಂಬಿರಬಾರದು ಎಂದು ನರ್ಸು ಮೆಲ್ಲಗೆ ಮರಾಠಿಯಲ್ಲಿ ತಿಳಿಸಿದರು.

ಊಟದ ಮೇಲೆ ಪ್ರವಾದಿ ಎಲೀಯನಿಗಾಗಿ ಬೀದಿಬಾಗಿಲು ತೆರೆಯುವ ಕೆಲಸವೂ ಕಿರಿಯನಾದ ನನ್ನದೇ ಆಯಿತು. ತೆರೆದೆ. ಚಳಿಗಾಳಿ ನುಗ್ಗಿತು. ಎದುರು ಸಾಲಿನಲ್ಲಿಯೂ ಒಂದು ಬಾಗಿಲು ತೆರೆದಿತ್ತು. ಅಲ್ಲಿ ನಿಂತಿದ್ದ ಪುಟ್ಟ ಹುಡುಗಿ ನನಗೆ ಕೈ ಬೀಸಿದಳು.

ಎಂಟನೆಯ ದಿನ ಕತ್ತಲಾಗಿ ನಕ್ಷತ್ರ ಮೂಡಿದ ಮೇಲೆ ಮೆಟ್ಟಲಲ್ಲಿ ಹೆಜ್ಜೆಯ ಸಪ್ಪಳವಾಯಿತು. ಮನೆಯೊಡತಿ ಚಹದ ಕೆಟಲು ಹಿಡಿದು ನಿಂತಿದ್ದರು.

“ಆ ಕೇಕು ಇನ್ನೂ ಉಳಿದಿದೆಯೇ?”

ಉಳಿದಿತ್ತು.