ಕ್ರೀಡಾಂಗಣ ಎಲ್ಲಿರಬೇಕು?

(ಶಾಲೆಯ ಶತಮಾನೋತ್ಸವದ ಎರಡನೆಯ ದಿನ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣದ ಬರಹರೂಪ)



ನಿನ್ನೆ ಹಳೆಯ ವಿದ್ಯಾರ್ಥಿಗಳು ಶತಮಾನದ ಕೊಡುಗೆಯಾಗಿ ಶಾಲೆಗೊಂದು ಫುಟ್‌ಬಾಲ್ ಮೈದಾನ ಮಾಡಿಕೊಡುವುದಾಗಿ ಇದೇ ವೇದಿಕೆಯಿಂದ ಸಾರಿದಾಗ ಮಕ್ಕಳ ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ನಾನೂ ಚಪ್ಪಾಳೆ ತಟ್ಟಿದೆ. ಎರಡು ಜಾಗಗಳನ್ನು ನೋಡಿದ್ದಾರೆ. ಒಂದು, ಊರಿನಿಂದ ಮೂರೂವರೆ ಕಿಲೋಮೀಟರ್ ಆಚೆಗಿನ ಐದು ಎಕರೆ, ಬೆಲೆ ಅಗ್ಗ. ಇನ್ನೊಂದು, ಬಸ್ ಸ್ಟ್ಯಾಂಡಿನಿಂದ ನಡೆದು ಹೋಗಬಹುದಾದಷ್ಟು ಹತ್ತಿರದ ಎರಡೂವರೆ ಎಕರೆ, ಬೆಲೆ ದುಬಾರಿ. ಹೆಚ್ಚಿನವರ ಮನಸ್ಸು ಐದು ಎಕರೆಯ ಕಡೆಗಿದೆ ಎಂದು ಕೇಳಿದೆ. ಆ ಕುರಿತು ನನ್ನ ಭಿನ್ನಾಭಿಪ್ರಾಯವನ್ನು ಈ ಸಭೆಯಲ್ಲಿಯೇ ಹೇಳಬೇಕೆಂದು ನಿಂತಿದ್ದೇನೆ. ನಾನು ಕನ್ನಡ ಕಲಿಸುವವಳು, ಎಂಜಿನಿಯರಳಲ್ಲ. ಆದರೆ ಮಕ್ಕಳನ್ನು ಮೈದಾನಗಳಿಗೆ ಕರೆದೊಯ್ದು ಮರಳಿ ಮನೆಗೆ ಮುಟ್ಟಿಸುವ ಕೆಲಸವನ್ನು ಇಪ್ಪತ್ತೇಳು ವರ್ಷ ಮಾಡಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ತಾಲೂಕು ಮಟ್ಟದಲ್ಲಿ ಗೆದ್ದು ಮುಂದಿನ ಹಂತಕ್ಕೆ ಹೋಯಿತು. ಊರಿನ ಹೆಸರು ಬೇಡ. ಅಲ್ಲಿಯ ಕ್ರೀಡಾಂಗಣ ಹೊಸದು, ಸುಂದರವಾದುದು, ಬಣ್ಣ ಇನ್ನೂ ಮಾಸಿರಲಿಲ್ಲ. ಆದರೆ ಅದು ಊರಿನೊಳಗಿರದೆ ಬೈಪಾಸ್ ರಸ್ತೆಯ ಮಗ್ಗುಲಲ್ಲಿತ್ತು. ಅತಿಥಿಗಳು ತಡವಾಗಿ ಬಂದರು, ಪಂದ್ಯ ತಡವಾಗಿ ಆರಂಭವಾಯಿತು, ಮುಗಿಯುವ ಹೊತ್ತಿಗೆ ಸಂಜೆಯಾಯಿತು. ಹೊರಗೆ ಬಂದರೆ ಅಧಿಕಾರಿಗಳ ಜೀಪುಗಳೂ ದೊಡ್ಡ ಶಾಲೆಗಳ ಸ್ವಂತ ಬಸ್ಸುಗಳೂ ಹೊರಟುಹೋಗಿದ್ದವು. ಒಂದು ಟಮಟಮ್ ಕೂಡ ಇರಲಿಲ್ಲ. ಹದಿನಾಲ್ಕು ಹುಡುಗಿಯರನ್ನು ಹೆದ್ದಾರಿಯ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರಂತೆ ನಡೆಸಿಕೊಂಡು ನಾಲ್ಕು ಕಿಲೋಮೀಟರ್ ಬಂದೆ. ಬಸ್ ಸ್ಟ್ಯಾಂಡ್ ಮುಟ್ಟಿದಾಗ ನಮ್ಮ ಕಡೆಯ ಕೊನೆಯ ಎಸ್.ಟಿ. ಬಿಟ್ಟು ಇಪ್ಪತ್ತು ನಿಮಿಷವಾಗಿತ್ತು. "ಬಾಯಾರ್ರೀ, ಇನ್ನ ಬಸ್ ಬರಂಗಿಲ್ಲೇನ್ರೀ?" ಎಂದು ಗೋಲ್‌ಕೀಪರ್ ಹುಡುಗಿ ಕೇಳಿದಳು. ಪರಿಚಯದವರ ಟೆಂಪೊ ಸಿಕ್ಕು ಮನೆ ಮುಟ್ಟಿದಾಗ ರಾತ್ರಿ ಹನ್ನೊಂದೂವರೆ. ಪಾಲಕರು ಫಾಟಾದಲ್ಲಿ ಟಾರ್ಚು ಹಿಡಿದು ನಿಂತಿದ್ದರು. ಯಾರೂ ನನ್ನನ್ನು ಬೈಯಲಿಲ್ಲ. ಆದರೆ ಮುಂದಿನ ವರ್ಷ ಆ ಹದಿನಾಲ್ವರಲ್ಲಿ ಒಂಬತ್ತು ಜನರ ಸಮ್ಮತಿಪತ್ರ ಸಹಿಯಿಲ್ಲದೆ ಮರಳಿ ಬಂತು.

ಅಂದು ನಾವು ಪಂದ್ಯದಲ್ಲಿ ಸೋತದ್ದು 1–0. ನಿಜವಾಗಿ ಸೋತದ್ದು ಆ ಒಂಬತ್ತು.

ಈಗ ದೊಡ್ಡ ಊರಿನ ಮಾತು. 2023ರ ಜೂನ್‌ನಲ್ಲಿ ಸಂಬಂಧಿಕರ ಕಾರ್ಯಕ್ಕೆಂದು ಬೆಂಗಳೂರಿಗೆ ಹೋದವಳನ್ನು ನನ್ನ ತಂಗಿಯ ಮಗ ಒತ್ತಾಯ ಮಾಡಿ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಕರೆದೊಯ್ದ. ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಭಾರತ–ಪಾಕಿಸ್ತಾನ ಪಂದ್ಯ, ಜೂನ್ 21. ಮಳೆ ಸುರಿಯುತ್ತಿತ್ತು, ಭಾರತ 4–0ರಿಂದ ಗೆದ್ದಿತು, ಸುನಿಲ್ ಛೇತ್ರಿ ಮೂರು ಗೋಲು ಹೊಡೆದರು. ನೋಡುವುದಕ್ಕೆ ಅದು ಅಷ್ಟೇನೂ ಒಳ್ಳೆಯ ಕ್ರೀಡಾಂಗಣವಲ್ಲ. ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಆಟ ದೂರವಾಗಿಬಿಡುತ್ತದೆ. ಆ ಟ್ರ್ಯಾಕ್ ಯಾರಿಗೆ ಸೇರಬೇಕೆಂದು ಓಟಗಾರರಿಗೂ ಫುಟ್‌ಬಾಲಿನವರಿಗೂ ವರ್ಷಗಟ್ಟಲೆ ತಕರಾರು ನಡೆದಿದೆ. ನಾನು ಆಟಕ್ಕಿಂತ ಹೆಚ್ಚಾಗಿ ಗಮನಿಸಿದ್ದು ಆಟ ಮುಗಿದ ಮೇಲಿನ ಒಂದು ಗಂಟೆಯನ್ನು. ರಾತ್ರಿ ಹತ್ತರ ಸುಮಾರಿಗೆ ಸಾವಿರಾರು ಜನ ಹೊರಬಿದ್ದರು. ಒಂದಷ್ಟು ಜನ ಕಾರ್ಪೊರೇಷನ್ ವೃತ್ತದ ಬಸ್ಸುಗಳ ಕಡೆಗೆ, ಒಂದಷ್ಟು ಜನ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದ ಕಡೆಗೆ ತೋಯ್ದುಕೊಂಡೇ ನಡೆದರು. ಆ ಗುಂಪಿನಲ್ಲಿ ಕಾಲೇಜು ಹುಡುಗಿಯರು ತಂಡತಂಡವಾಗಿ ನಗುತ್ತ ಹೋಗುತ್ತಿದ್ದರು. ಅವರೊಂದಿಗೆ ಅಪ್ಪನಿಲ್ಲ, ಅಣ್ಣನಿಲ್ಲ. ನನ್ನ ಹದಿನಾಲ್ವರು ನೆನಪಾದರು.

ಆ ರಾತ್ರಿಯ ಅನುಕೂಲ ತಾನಾಗಿ ಆದುದಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತಂಡ ಮೊದಲ ವರ್ಷ ಅಶೋಕನಗರದ ಸಣ್ಣ ಫುಟ್‌ಬಾಲ್ ಮೈದಾನದಲ್ಲಿ ಆಡಿ ಲೀಗ್ ಗೆದ್ದಿತು. ಮರುವರ್ಷ ಕಂಠೀರವಕ್ಕೆ ಬಂದಿತು. ಎರಡೂ ಊರಿನ ನಡುವೆಯೇ ಇವೆ. 2016ರ ಏಪ್ರಿಲ್ ಕೊನೆಯಲ್ಲಿ ಮೆಟ್ರೊದ ಸುರಂಗ ಮಾರ್ಗ ತೆರೆದು ಕಬ್ಬನ್ ಪಾರ್ಕ್ ನಿಲ್ದಾಣವೂ ಆರಂಭವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಲೇಷಿಯದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3–1ರಿಂದ ಸೋಲಿಸಿ ಬೆಂಗಳೂರು ತಂಡ ಎಎಫ್‌ಸಿ ಕಪ್‌ನ ಫೈನಲ್ ಸೇರಿದಾಗ, ದೂರದ ಬಡಾವಣೆಯ ಹುಡುಗರೂ ರಾತ್ರಿ ಆಟ ನೋಡಿ ಮನೆಗೆ ಮರಳಬಹುದಾಗಿತ್ತು.

ಇಲ್ಲಿ ನಮ್ಮ ಎಂಟನೆಯ ತರಗತಿಯ ಮಕ್ಕಳು ಬಿಡಿಸಿದ ಒಂದು ಲೆಕ್ಕ ಹೇಳುತ್ತೇನೆ. ಕ್ರೀಡಾಂಗಣಕ್ಕೆ 25,000 ಜನ ಬಂದರೆಂದು ಇಟ್ಟುಕೊಳ್ಳಿ. ಎಲ್ಲರೂ ಕಾರಿನಲ್ಲಿ, ಒಂದರಲ್ಲಿ ನಾಲ್ವರಂತೆ ಬಂದರೆ 6,250 ಕಾರು. ಒಂದು ಕಾರು ನಿಲ್ಲಲು, ತಿರುಗಲು ಸುಮಾರು 25 ಚದರ ಮೀಟರ್ ಬೇಕು. ಒಟ್ಟು 1,56,250 ಚದರ ಮೀಟರ್, ಅಂದರೆ 38 ಎಕರೆಗೂ ಹೆಚ್ಚು. ಅಂತರರಾಷ್ಟ್ರೀಯ ಅಳತೆಯ ಫುಟ್‌ಬಾಲ್ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲ. ಒಂದು ಅಂಕಣದ ಆಟ ನೋಡಲು ಹೆಚ್ಚುಕಡಿಮೆ ಇಪ್ಪತ್ತೆರಡು ಅಂಕಣಗಳಷ್ಟು ಭೂಮಿ ಬರೀ ಕಾರು ನಿಲ್ಲಿಸುವುದಕ್ಕೆ! ಅದೇ ಜನ ನಮ್ಮ 44 ಆಸನಗಳ ಎಸ್.ಟಿ. ಬಸ್ಸಿನಲ್ಲಿ ಕುಳಿತು ಹೋದರೆ ಸುಮಾರು 570 ಬಸ್ಸು. ಆರು ಬೋಗಿಯ ಮೆಟ್ರೊ ರೈಲು ಸುಮಾರು 2,000 ಜನರನ್ನು ಹೊರುತ್ತದೆ. ಖಾಲಿ ಬಂದವೆಂದರೆ ಹದಿಮೂರು ರೈಲು ಸಾಕು. ಐದು ನಿಮಿಷಕ್ಕೊಂದರಂತೆ ಎರಡೂ ದಿಕ್ಕಿಗೆ ಬಿಟ್ಟರೆ ಅರ್ಧ ಗಂಟೆಯ ಕೆಲಸ. ಊರ ಹೊರಗೆ ಭೂಮಿ ಅಗ್ಗವೆಂದು ಹೋದವರು ಕೊನೆಗೆ ಆ ಅಗ್ಗದ ಭೂಮಿಯಲ್ಲಿ ಬಹುಪಾಲನ್ನು ಗಾಡಿಗಳಿಗೆ ಕೊಡಬೇಕಾಗುತ್ತದೆ. ಗಾಡಿಯಿಲ್ಲದವರು ಬರುವುದೇ ಇಲ್ಲವಾದ್ದರಿಂದ ಅವರ ಲೆಕ್ಕ ಯಾವ ಕಾಗದದಲ್ಲಿಯೂ ಕಾಣುವುದಿಲ್ಲ.

ಮೊದಲು ಕ್ರೀಡಾಂಗಣ ಕಟ್ಟೋಣ, ರೈಲು ಬಸ್ಸು ಆಮೇಲೆ ಬಂದೇ ಬರುತ್ತವೆ ಎನ್ನುವವರಿದ್ದಾರೆ. ಬರುತ್ತವೆ, ನಿಜ. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣ ತೆರೆದದ್ದು 1984ರಲ್ಲಿ. 1997ರ ಜುಲೈ 13ರಂದು ಈಸ್ಟ್ ಬೆಂಗಾಲ್–ಮೋಹನ್ ಬಾಗಾನ್ ಪಂದ್ಯಕ್ಕೆ ಅಲ್ಲಿ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆ ಕ್ರೀಡಾಂಗಣದ ಹೆಸರಿನ ಮೆಟ್ರೊ ನಿಲ್ದಾಣ ತೆರೆದದ್ದು 2020ರ ಫೆಬ್ರುವರಿಯಲ್ಲಿ. ನಡುವೆ ಮೂವತ್ತಾರು ವರ್ಷ! ಅಂದು ಎಂಟನೆಯ ತರಗತಿಯಲ್ಲಿದ್ದ ಹುಡುಗ ಇಂದು ಮಗಳ ಮದುವೆ ಮಾಡಿರುತ್ತಾನೆ. ಕೊಚ್ಚಿಯ ಕಲೂರಿನ ಕ್ರೀಡಾಂಗಣಕ್ಕೆ ಅದೃಷ್ಟ ಒಲಿಯಿತು; 2017ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಪಂದ್ಯಗಳು ಆರಂಭವಾಗುವುದಕ್ಕೆ ಕೆಲವೇ ದಿನ ಮೊದಲು ಮೆಟ್ರೊ ಅದರ ಬಾಗಿಲಿಗೆ ಬಂತು. ಲಂಡನ್ನಿನ ವೆಂಬ್ಲಿಯಲ್ಲಿ ಕ್ರಮವೇ ಬೇರೆ: 1923ರಲ್ಲಿ ಕ್ರೀಡಾಂಗಣ ಏಳುವ ಎಷ್ಟೋ ಮೊದಲೇ ಅಲ್ಲಿ ರೈಲು ನಿಲ್ದಾಣವಿತ್ತು. ಹಳೆಯದನ್ನು ಕೆಡವಿ 2007ರಲ್ಲಿ ಹೊಸದನ್ನು ತೆರೆದಾಗಲೂ ಅದೇ ಜಾಗದಲ್ಲಿ ತೆರೆದರು.

ಮೆಟ್ರೊ ಇಲ್ಲದ ಊರಿನ ಗತಿಯೇನು ಎಂದು ಕೇಳುವಿರಿ. ನಮ್ಮದೇ ರಾಜ್ಯದ ಕೊಲ್ಹಾಪುರವನ್ನು ನೋಡಿ. ಮಹಾರಾಷ್ಟ್ರದಲ್ಲಿ ಫುಟ್‌ಬಾಲಿಗೆ ಹುಚ್ಚಾದ ಊರು ಅದು. ಅಲ್ಲಿಯ ತಂಡಗಳಿಗೆ ಪೇಟೆಗಳ ತಾಲೀಮುಗಳ ಹೆಸರು: ಪಾಟಾಕಡೀಲ ತಾಲೀಮ, ಖಂಡೋಬಾ ತಾಲೀಮ. ರಾಜರ್ಷಿ ಶಾಹೂ ಕ್ರೀಡಾಂಗಣ ಆ ಪೇಟೆಗಳ ನಡುವೆಯೇ ಇದೆ. ಜನ ಮನೆಯಿಂದ ನಡೆದು ಬರುತ್ತಾರೆ, ಗೆದ್ದರೆ ಕೂಗುತ್ತ, ಸೋತರೆ ಜಗಳಾಡುತ್ತ ನಡೆದು ಹೋಗುತ್ತಾರೆ. ಕುಸ್ತಿಯ ಊರಿನಲ್ಲಿ ಕಾಲ್ಚೆಂಡು ಇಷ್ಟು ಗಟ್ಟಿಯಾಗಿ ಬೇರೂರಲು ಬೇರೆ ಕಾರಣಗಳೂ ಇರಬಹುದು. ಆದರೆ ಮೈದಾನ ಕಾಲ್ನಡಿಗೆಯ ದೂರದಲ್ಲಿರುವುದು ಸಣ್ಣ ಕಾರಣವೆಂದು ನನಗನಿಸುವುದಿಲ್ಲ.

ನನ್ನ ಮಾತಿಗೆ ಒಂದು ಗಂಭೀರವಾದ ಆಕ್ಷೇಪವಿದೆ. ಅದನ್ನು ಮರೆಮಾಚಿದರೆ ತಪ್ಪಾಗುತ್ತದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರಿಕೆಟ್ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಶಾಲೆ ಕಾಲೇಜಿನ ಮಕ್ಕಳೂ ಇದ್ದರು. ಆ ಕ್ರೀಡಾಂಗಣ ಊರ ನಡುವೆ, ಮೆಟ್ರೊ ನಿಲ್ದಾಣದ ಎದುರಿಗೇ ಇದೆ. ಹಾಗಾದರೆ ಊರೊಳಗೆ ಇರುವುದೇ ಅಪಾಯವಲ್ಲವೇ? ನಾನು ಹಲವು ರಾತ್ರಿ ಇದನ್ನು ಯೋಚಿಸಿದ್ದೇನೆ. ಘಟನೆಯ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಅವರ ಆಯೋಗ, ಅಷ್ಟು ದೊಡ್ಡ ಜನಸಂದಣಿಗೆ ಆ ಜಾಗ ತಕ್ಕದ್ದಲ್ಲವೆಂದು ಹೇಳಿತು. ಆದರೆ ಮುಂದಿನ ಕ್ರೀಡಾಂಗಣಗಳು ಹೇಗಿರಬೇಕೆಂದು ಹೇಳುವಾಗ, ಸಾರ್ವಜನಿಕ ರಸ್ತೆಯಿಂದ ಬೇರೆಯಾಗಿ ಜನ ಸಾಲಿನಲ್ಲಿ ನಿಲ್ಲುವ, ಓಡಾಡುವ ಜಾಗ ಬೇಕು, ಸಾಕಷ್ಟು ಬಾಗಿಲುಗಳು ಬೇಕು ಎಂದದ್ದರ ಜೊತೆಗೇ ಸಾರ್ವಜನಿಕ ಸಾರಿಗೆಯ ಸಂಪರ್ಕವೂ ಬೇಕೆಂದಿತು. ಕೊರತೆಯಿದ್ದದ್ದು ನಿಲ್ದಾಣ ಮತ್ತು ಬಾಗಿಲ ನಡುವಿನ ಬಯಲಿನದು, ಬಂದ ಜನರನ್ನು ನಡೆಸುವ ವ್ಯವಸ್ಥೆಯದು. ಕಂಠೀರವದಿಂದ ಮೆಟ್ರೊಗೆ ಹದಿನೈದು ನಿಮಿಷ ನಡೆಯಬೇಕಾದಾಗ ನಾನು ಅಂದು ಗೊಣಗಿದ್ದೆ. ಆ ನಡಿಗೆಯಲ್ಲಿಯೇ ಗುಂಪು ತೆಳುವಾಗುತ್ತಿತ್ತು ಎಂಬುದು ಆಮೇಲೆ ಹೊಳೆಯಿತು. ನಿಲ್ದಾಣ ಹೊಸ್ತಿಲಲ್ಲಿಯೇ ಇರಬೇಕೆಂದಿಲ್ಲ. ದೀಪವಿರುವ, ಅಗಲವಾದ ದಾರಿಯಲ್ಲಿ ಹತ್ತು ಹದಿನೈದು ನಿಮಿಷದ ಅಂತರ ಒಳ್ಳೆಯದೇ.

ಜಾಗ ಆರಿಸುವುದೆಂದರೇನು ಎಂಬುದನ್ನು ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದ ನಂತರ ಕಿಲ್ಲಾರಿ, ಸಾಸ್ತೂರು ಮೊದಲಾದ ಎಷ್ಟೋ ಊರುಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. ಸುರಕ್ಷಿತವಾದ ಮನೆಗಳು, ಅಗಲವಾದ ನೇರ ಬೀದಿಗಳು. ಕಟ್ಟಿದವರ ಉಪಕಾರವನ್ನು ಮರೆಯಲಾಗದು. ಆದರೂ ಅಲ್ಲಿಯ ಮುದುಕಿಯರನ್ನು ಕೇಳಿ ನೋಡಿ. ಹಳೆಯ ಊರಿನಲ್ಲಿ ಅಂಗಳದಿಂದ ಕೂಗಿದರೆ ಓಗೊಡುತ್ತಿದ್ದ ನೆರೆಯವಳ ಮನೆಗೆ ಈಗ ಬಿಸಿಲಲ್ಲಿ ನಡೆದು ಹೋಗಬೇಕೆನ್ನುತ್ತಾರೆ. ನಕಾಶೆ ಬರೆದವರು ಗೋಡೆ ಬೀಳಬಾರದೆಂಬ ಚಿಂತೆಯಲ್ಲಿದ್ದರು. ನಡೆಯುವ ಕಾಲುಗಳನ್ನು ಎಣಿಸಲು ಅವರಿಗೆ ಆಗ ಪುರಸೊತ್ತಿರಲಿಲ್ಲ. ನಮಗೆ ಈಗ ಪುರಸೊತ್ತಿದೆ.

ಇನ್ನು ನಮ್ಮ ಎರಡು ಜಾಗಗಳು. ಐದು ಎಕರೆಯ ಕಡೆಗೆ ದಿನಕ್ಕೆರಡು ಬಸ್ಸು: ಬೆಳಿಗ್ಗೆ ಒಂದು, ರಾತ್ರಿ ಮುಕ್ಕಾಮ ಬಸ್ಸು ಒಂದು. ಮಕ್ಕಳು ಆಟ ಮುಗಿಸುವ ಆರು ಗಂಟೆಗೆ ಏನೂ ಇಲ್ಲ. ಅಹಿಲ್ಯಾಬಾಯಿ ಹೋಳಕರ ಯೋಜನೆಯ ಉಚಿತ ಪಾಸು ನಮ್ಮ ಹುಡುಗಿಯರನ್ನು ಊರಿನಿಂದ ಶಾಲೆಗೆ ತಂದು ಬಿಡುತ್ತದೆ, ಅಲ್ಲಿಂದ ಮುಂದಿನ ಮೂರೂವರೆ ಕಿಲೋಮೀಟರಿಗೆ ಅದು ಬರುವುದಿಲ್ಲ. 2023ರ ಮಾರ್ಚ್‌ನಿಂದ ಎಸ್.ಟಿ.ಯಲ್ಲಿ ಹೆಂಗಸರಿಗೆ ಅರ್ಧ ತಿಕೀಟು ಇದೆ. ಬಸ್ಸೇ ಇಲ್ಲದ ದಾರಿಯಲ್ಲಿ ಯಾವುದರ ಅರ್ಧ? ಮೋಟಾರ್ ಸೈಕಲ್ ಇರುವ ಮನೆಯ ಗಂಡುಹುಡುಗರು ಆಡುತ್ತಾರೆ, ಉಳಿದವರು ಆಡಿದವರ ಕಥೆ ಕೇಳುತ್ತಾರೆ.

ಎರಡೂವರೆ ಎಕರೆಯಲ್ಲಿ ಪೂರ್ಣ ಅಳತೆಯ ಅಂಕಣ ಕೂಡುತ್ತದೆ. ಅಂಕಣವೊಂದಕ್ಕೇ ಒಂದೂಮುಕ್ಕಾಲು ಎಕರೆ ಸಾಕು. ಪೆವಿಲಿಯನ್‌ಗೆ, ಓಟದ ಟ್ರ್ಯಾಕಿಗೆ ಜಾಗ ಉಳಿಯುವುದಿಲ್ಲ. ಅದು ನಿಜವಾದ ನಷ್ಟ, ಒಪ್ಪುತ್ತೇನೆ. ನಮ್ಮಲ್ಲಿ ಚೆನ್ನಾಗಿ ಓಡುವ ಹುಡುಗರಿದ್ದಾರೆ, ಅವರ ಮುಂದೆ ನಿಂತು ಈ ಮಾತು ಹೇಳುವುದು ನನಗೆ ಸುಲಭವಲ್ಲ. ಹಣವೂ ಹೆಚ್ಚು ಬೇಕು. ಪೆವಿಲಿಯನ್‌ಗೆಂದು ತೆಗೆದಿರಿಸಿದ ಮೊತ್ತವನ್ನು ಭೂಮಿಗೆ ಹಾಕೋಣವೆಂದು ನನ್ನ ಸೂಚನೆ. ಪ್ರೇಕ್ಷಕರು ಬೇವಿನ ಮರದ ಕೆಳಗೆ ನಿಂತು ನೋಡಲಿ. ದಾನಿಗಳ ಹೆಸರು ಕೆತ್ತಲು ಗೋಡೆಯೇ ಇಲ್ಲವಾಗುತ್ತದೆ ಎಂದು ಒಬ್ಬರು ನನಗೆ ನಗುತ್ತಲೇ ಹೇಳಿದರು. ಆವರಣದ ಗೋಡೆ ಇದ್ದೇ ಇರುತ್ತದೆ, ಅದರ ಮೇಲೆ ಬೇಕಾದಷ್ಟು ಜಾಗವಿದೆ.

ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಐದು ಎಕರೆಯನ್ನು ಕಾರಿನಲ್ಲಿ ಹೋಗಿ ನೋಡಿ ಬಂದಿದ್ದೀರಿ. ಏಳು ನಿಮಿಷದ ದಾರಿ ಎಂದಿರಿ. ಬರುವ ರವಿವಾರ ಸಂಜೆ ಐದು ಗಂಟೆಗೆ ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ತಂಡದ ಹುಡುಗಿಯರೂ ಇರುತ್ತಾರೆ. ಅಲ್ಲಿಯವರೆಗೆ ನಡೆದು ಹೋಗಿ, ಒಂದು ಗಂಟೆ ಇದ್ದು, ಕತ್ತಲಾದ ಮೇಲೆ ನಡೆದು ಬರೋಣ. ಸಮಿತಿಯ ಸಭೆ ಸೋಮವಾರವಿದೆ. ದಯವಿಟ್ಟು ಗಾಡಿ ತರಬೇಡಿ. ಕುಡಿಯುವ ನೀರು ಮಾತ್ರ ತನ್ನಿ.